ಮಡಿ ಅಧಿಕಾರಿಯ ವರದಿ

ನೀಲಗಂಗಾ ಗಾಣಿಗೇರ ಆಫೀಸಿಗೆ ಬಂದಳೆಂದರೆ ಮೊದಲು ಗಂಟೆ ಕೇಳಿಸುತ್ತಿತ್ತು, ಆಮೇಲೆ ಅವಳು ಕಾಣಿಸುತ್ತಿದ್ದಳು. ಅವಳೇನು ಪೂಜಾರಿಯಲ್ಲ. ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯ ಅರವಟಗಿ ಷೇರು ಬ್ರೋಕರ್ಸ್ ಎಂಬ ಕಂಪನಿಯ ಅನುಪಾಲನಾ ಅಧಿಕಾರಿ. ಅಂದರೆ, ಗಿರಾಕಿಗಳ ಷೇರು ಗಿರಾಕಿಗಳ ಹೆಸರಿನಲ್ಲೇ ಇವೆ, ಕಂಪನಿ ಕಾಯಿದೆ ಪ್ರಕಾರ ನಡೆಯುತ್ತಿದೆ ಎಂದು ಆರು ತಿಂಗಳಿಗೊಮ್ಮೆ ನಿಯಂತ್ರಣ ಮಂಡಳಿಗೆ ವರದಿ ಸಲ್ಲಿಸುವವಳು. ಅವಳ ಗುರುತಿನ ಚೀಟಿಯ ದಾರಕ್ಕೆ ಕಂಪನಿಯವರೇ ಒಂದು ಸಣ್ಣ ಹಿತ್ತಾಳೆ ಗಂಟೆ ಕಟ್ಟಿದ್ದರು. ಅದರ ಸದ್ದು ಕಿವಿಗೆ ಬಿದ್ದ ಕೂಡಲೇ ಆಫೀಸಿನವರೆಲ್ಲ ಮಾತು ನಿಲ್ಲಿಸಬೇಕು, ಪರದೆ ಆರಿಸಬೇಕು, ಮೇಜಿನ ಮೇಲಿನ ಕಾಗದವನ್ನು ಬೋರಲು ಹಾಕಬೇಕು. ಯಾಕೆಂದರೆ ಈ ಅಧಿಕಾರಿಗೆ ಕಂಪನಿಯ ವಿಷಯ ಏನೂ ಗೊತ್ತಾಗಬಾರದು. ಗೊತ್ತಿಲ್ಲದಿರುವುದಕ್ಕೇ ಅವಳಿಗೆ ಸಂಬಳ.

ನಗು ಬಂತೇ? ನಗಿ, ಬೇಡ ಅನ್ನುವುದಿಲ್ಲ. ಆದರೆ ಇದು ಹೀಗಾದದ್ದು ಹೇಗೆಂದು ಕೇಳಿಕೊಂಡು ನಗಿ.

ಒಂದು ಕಾಲದಲ್ಲಿ ಬ್ರೋಕರುಗಳು ಇಂಥ ವರದಿಗೆ ಸಹಿ ಹಾಕಿ ಕಳಿಸಿದರೆ ಸಾಕಾಗಿತ್ತು. ಸಹಿಗೇನು, ಕೈ ಇದ್ದವರೆಲ್ಲ ಹಾಕುತ್ತಾರೆ. ಸುಳ್ಳು ವರದಿ ನಂಬಿ ಜನ ಮುಳುಗಿದ್ದು ಸಾಕಾಗಿ ಮಂಡಳಿ ಒಂದು ಯಂತ್ರ ತಂದಿತು, ಕೊರಳಪಟ್ಟಿ. ಮನುಷ್ಯ ತಾನು ನಂಬದ ಮಾತನ್ನು ಬಾಯಿ ಬಿಟ್ಟು ಹೇಳುವ ಮೊದಲು ಅವನ ಗಂಟಲಿನ ಸ್ನಾಯು ಒಂದು ಗಳಿಗೆ ಬಿಗಿಯುತ್ತದೆ. ಮಿದುಳು ತಡೆಯುತ್ತದೆ, ಆಮೇಲೆ ಹೋಗಲಿ ಎಂದು ಬಿಡುತ್ತದೆ. ಎಂಥ ಕಿಲಾಡಿಗೂ ಆ ತಡೆಯನ್ನು ಅಡಗಿಸಲು ಬರುವುದಿಲ್ಲ. ಪಟ್ಟಿ ಅದನ್ನು ಹಿಡಿಯುತ್ತದೆ. ಇನ್ನು ಮೇಲೆ ವರದಿಯನ್ನು ಬರೆದು ಕಳಿಸುವಂತಿಲ್ಲ, ಅಧಿಕಾರಿ ಪಟ್ಟಿ ತೊಟ್ಟು ಬಾಯಾರೆ ಹೇಳಬೇಕು. ನಂಬಿ ಹೇಳಿದರೆ ಹಸಿರು ದೀಪ, ವರದಿ ಸ್ವೀಕೃತ. ನಂಬದೆ ಹೇಳಿದರೆ ಕೆಂಪು ದೀಪ, ವರದಿ ವಾಪಸ್ಸು.

ಮೊದಲ ವರ್ಷ ಕಳ್ಳರು ಸಾಲುಸಾಲಾಗಿ ಸಿಕ್ಕಿಬಿದ್ದರು, ಊರಲ್ಲಿ ಪೇಢೆ ಹಂಚಿದರು. ಎರಡನೇ ವರ್ಷ ಬ್ರೋಕರುಗಳಿಗೆ ಬುದ್ಧಿ ಬಂತು. ಮಂಡಳಿ ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ ತೂರುವವರು! ಪಟ್ಟಿಗೆ ಸತ್ಯ ಗೊತ್ತಿಲ್ಲ, ನಂಬಿಕೆ ಮಾತ್ರ ಗೊತ್ತು. ಹಾಗಾದರೆ ಏನೂ ತಿಳಿಯದವರನ್ನು ಕೂರಿಸಿ, ಎಲ್ಲ ಸರಿಯಿದೆ ಎಂದು ನಂಬಿಸಿ ಹೇಳಿಸಿದರಾಯಿತಲ್ಲ? ಬಲ್ಲ ಅಧಿಕಾರಿಗಳಿಗೆಲ್ಲ ಶಾಲು ಹೊದಿಸಿ ಮನೆಗೆ ಕಳಿಸಿದರು. ಕುತೂಹಲವಿಲ್ಲದವರಿಗೆ ಆದ್ಯತೆ ಎಂದು ಜಾಹೀರಾತು ಹಾಕಿದರು. ಕಂಪನಿಗಳು ಇವರನ್ನು ಶುದ್ಧ ಅಧಿಕಾರಿ ಎಂದು ಕರೆದವು. ಹುಬ್ಬಳ್ಳಿಯ ಜನ ಬಿಡುತ್ತಾರೆಯೇ, ಮಡಿ ಅಧಿಕಾರಿ ಅಂದರು. ಅಧಿಕಾರಿಯ ಕಿವಿಗೆ ವ್ಯವಹಾರದ ಮಾತೇನಾದರೂ ಬಿದ್ದರೆ ಅದಕ್ಕೆ ಮೈಲಿಗೆ ಎಂದು ಹೆಸರಾಯಿತು. ಮೈಲಿಗೆಯಾದರೆ ಮರುದಿನವೇ ಕಂಪನಿಯ ಸಮಾಧಾನ ಕೋಣೆಗೆ ಹೋಗಿ ಮಡಿಯಾಗಿ ಬರಬೇಕು.

ನೀಲಗಂಗಾ ಎಂ.ಕಾಂ. ಓದಿದವಳು, ಲೆಕ್ಕದಲ್ಲಿ ಚುರುಕು. ಮೊದಮೊದಲು ಆ ಗಂಟೆಯಿಂದ ಅವಳಿಗೆ ನಾಚಿಕೆಯಾಗುತ್ತಿತ್ತು. ಅವಳ ತವರಿನಲ್ಲಿ ಗಾಣ ಇತ್ತು. ಕಣ್ಣು ಕಟ್ಟಿದ ಎತ್ತಿನ ಕೊರಳಲ್ಲೂ ಇಂಥದೇ ಗಂಟೆ. "ಗಾಣಿಗೇರ ಮಗಳು ಕಡೀಕ ತಾನೇ ಎತ್ತಾದಳು" ಎಂದು ಓಣಿಯವರು ಆಡಿಕೊಂಡಾಗ ಅವಳೂ ನಕ್ಕಿದ್ದಳು. ಆರು ವರ್ಷ ಕಳೆಯುವಷ್ಟರಲ್ಲಿ ಗಂಟೆ ಕೇಳಿಸುವುದೇ ನಿಂತುಹೋಯಿತು. ನಿಜ ಹೇಳಬೇಕೆಂದರೆ ಗೊತ್ತಿಲ್ಲದಿರುವುದು ಹಾಯಾಗಿತ್ತು.

ಆ ಹಾಯಿಗೆ ಕಲ್ಲು ಹಾಕಿದವಳು ಅವಳ ಚಿಗವ್ವ, ಅಂದರೆ ಚಿಕ್ಕಮ್ಮ, ದುಂಡವ್ವ.

ದುಂಡವ್ವನದು ಹಳೇ ಹುಬ್ಬಳ್ಳಿಯಲ್ಲಿ ಜೋಳದ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕಳಿಸುವ ಅಡಿಗೆಮನೆ. ಏಳು ಮಂದಿ ಹೆಂಗಸರು ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಪಟಪಟ ರೊಟ್ಟಿ ಬಡಿಯುತ್ತಾರೆ. ಗಂಡ ತೀರಿಕೊಂಡ ಮೇಲೆ ದುಂಡವ್ವ ಉಳಿಸಿದ್ದನ್ನೆಲ್ಲ ಮಲಪ್ರಭಾ ಸಿಮೆಂಟಿನ ಷೇರಿಗೆ ಹಾಕುತ್ತ ಬಂದಿದ್ದಳು, ಅದೂ ಅರವಟಗಿ ಕಂಪನಿಯ ಮೂಲಕವೇ. ಈಗ ಅಡಿಗೆಮನೆಯ ಜಾಗವನ್ನು ಮಾಲೀಕ ಮಾರಲು ಹೊರಟಿದ್ದ. ತಿಂಗಳೊಳಗೆ ನೀನೇ ತಗೊಂಡರೆ ಸರಿ, ಇಲ್ಲದಿದ್ದರೆ ಬೇರೆಯವರಿಗೆ ಕೊಡುತ್ತೇನೆ ಅಂದಿದ್ದ. ಷೇರು ಮಾರಿದರೆ ಜಾಗ ಉಳಿಯುತ್ತದೆ, ಏಳು ಮಂದಿಯ ಒಲೆ ಉಳಿಯುತ್ತದೆ.

ಭಾನುವಾರ ನೀಲಗಂಗಾ ಗಂಡ ಮಹಾಂತೇಶನ ಜೊತೆ ಅಲ್ಲಿಗೆ ಉಣ್ಣಲು ಹೋಗಿದ್ದಳು. ದುಂಡವ್ವ ಎಣ್ಣೆಗಾಯಿ ಬಡಿಸುತ್ತ ಅಂದಳು: "ನೀಲಾ, ನಿಮ್ಮ ಆಫೀಸಿನ ಮಂದಿ ನನ್ನ ಷೇರು ಮಾರಾಕ ಬಿಡವಲ್ಲರಲ್ಲವ್ವ. ಹೋದಾಗೊಮ್ಮೆ ನಾಳಿ ಬಾ ಅಂತಾರ. ಮೂರು ಸಲ ಆತು."

ಮಹಾಂತೇಶನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಚಿಗವ್ವಾ! ಅಕಿ ಮುಂದ ಆ ಮಾತು ಆಡಬಾರ್ದು. ಮೈಲಿಗಿ ಆಗತೈತಿ."

"ಯಾಕಪ್ಪಾ? ಅಲ್ಲೇ ಆಫೀಸರ್ ಅದಾಳ, ಅಕಿ ಮುಂದ ಆಡಬಾರ್ದು ಅಂದ್ರ ಮತ್ತ ಉಣಕಲ್ ಕೆರಿ ಮುಂದ ನಿಂತು ಆಡ್ಲೇನು? ನನ್ನ ಷೇರಿನ ಮಾತು ಅದೆಂಗ ಮೈಲಿಗಿ ಆತು?"

ನೀಲಗಂಗಾ ತಲೆ ತಗ್ಗಿಸಿ ರೊಟ್ಟಿ ಮುರಿದಳು. ಕೇಳಿದ್ದನ್ನು ಕೇಳಿಲ್ಲ ಅನ್ನಲು ಬರುವುದಿಲ್ಲ, ಪಟ್ಟಿ ಹಿಡಿಯುತ್ತದೆ. ಬುಧವಾರ ಅರ್ಧವಾರ್ಷಿಕ ವರದಿ ಬೇರೆ. ಸೋಮವಾರ ಬೆಳಿಗ್ಗೆ ಅವಳೇ ಹೋಗಿ ತನಗೆ ಮೈಲಿಗೆಯಾಗಿದೆ ಎಂದು ಹೇಳಿಕೊಂಡಳು.

ಸಮಾಧಾನ ಕೋಣೆಯಲ್ಲಿ ಮೆತ್ತನೆಯ ಕುರ್ಚಿ, ಏಲಕ್ಕಿ ಚಹಾ, ಸುಧನ್ವ ಗಲಗಲಿ. ಗಲಗಲಿ ಮಾತಿನಲ್ಲಿ ಬೆಣ್ಣೆ ಕಡೆಯುವ ಮನುಷ್ಯ. ಅನುಮಾನ ಬಂದವರನ್ನು ನಂಬಿಸಿ ಕಳಿಸುವುದೇ ಅವನ ನೌಕರಿ. ಅವಳ ಕೊರಳಿಗೆ ಅಭ್ಯಾಸದ ಪಟ್ಟಿಯೊಂದನ್ನು ಅವನೇ ತೊಡಿಸಿದ.

"ಏನು ಕೇಳಿದ್ರಿ ಬಾಯಾರ, ಮನಸ್ಸು ಬಿಚ್ಚಿ ಹೇಳ್ರಿ."

ಅವಳು ಹೇಳಿದಳು. ಗಲಗಲಿ ನಕ್ಕ. "ಇಷ್ಟೇನಾ? ನಿಮ್ಮ ಚಿಗವ್ವನ ಸಹಿ ಹೊಂದವಲ್ದು. ವಯಸ್ಸಾತಲ್ಲ, ಕೈ ನಡಗ್ತದ. ಅದಕ್ಕ ಮಾರಾಟ ತಡದಾರ, ಅಕಿ ಒಳ್ಳೇದಕ್ಕೇ ತಡದಾರ. ನಿಮ್ಮ ಸಮಾಧಾನಕ್ಕ ನೋಡ್ರಿ ಬೇಕಾರ." ಅವನು ಪರದೆ ತಿರುಗಿಸಿದ. ದುಂಡವ್ವ ಹೂಲಿಕಟ್ಟಿ, ಮಲಪ್ರಭಾ ಸಿಮೆಂಟ್, ನಾನೂರು ಷೇರು. "ನಾನೂರಕ್ಕ ನಾನೂರೂ ಅವ. ಒಂದರೇ ಅಲುಗ್ಯದೇನು? ಈಗ ಹೇಳ್ರಿ, ಚಿಗವ್ವನ ಷೇರು ಸುರಕ್ಷಿತ ಅವ ಅಂತ."

ಹೇಳಿದಳು. ದೀಪ ಕೆಂಪಾಗಲಿಲ್ಲ, ಹಸಿರೂ ಆಗಲಿಲ್ಲ, ನಡುವೆ ಮಿನುಗಿತು. ಗಲಗಲಿ ಅವಸರ ಮಾಡಲಿಲ್ಲ. ಇನ್ನೊಂದು ಕಪ್ ಚಹಾ ತರಿಸಿದ. ದುಂಡವ್ವನ ರೊಟ್ಟಿಯನ್ನು ಹೊಗಳಿದ. ಅರವಟಗಿ ಧಣಿಯ ತಾಯಿ ದಿನಾ ಅದನ್ನೇ ಉಣ್ಣುತ್ತಾಳೆ, ಅಂಥವಳಿಗೆ ಧಣಿ ಮೋಸ ಮಾಡುತ್ತಾನೆಯೇ ಅಂದ. ನೀಲಗಂಗಾಳಿಗೆ ನಂಬಬೇಕಾಗಿತ್ತು. ಯಾರಿಗೆ ಬೇಡ? ನಂಬಿದರೆ ಮನೆ, ನೌಕರಿ, ಚಿಗವ್ವ, ಎಲ್ಲವೂ ಇದ್ದ ಜಾಗದಲ್ಲೇ ಇರುತ್ತವೆ. ಮತ್ತೊಮ್ಮೆ ಹೇಳಿದಳು. ಹಸಿರು.

"ಮಡಿ ಆತು ನೋಡ್ರಿ" ಎಂದು ಗಲಗಲಿ ಪಟ್ಟಿ ಬಿಚ್ಚಿದ.

ಸಂಜೆ ಅವಳು ಹಗುರವಾಗಿ ಹಳೇ ಹುಬ್ಬಳ್ಳಿಗೆ ನಡೆದಳು. ಚಿಗವ್ವನಿಗೂ ಸಮಾಧಾನ ಹೇಳಬೇಕಿತ್ತು. ಹೆಂಗಸರೆಲ್ಲ ಕಡೆಯ ರೊಟ್ಟಿಗಳನ್ನು ಬಡಿಯುತ್ತಿದ್ದರು. "ನಿನ್ನ ಸಹಿದು ಏನೋ ತಕರಾರು ಅಷ್ಟ, ಚಿಗವ್ವ. ಕಣ್ಣಾರೆ ನೋಡಿ ಬಂದೇನಿ. ನಾನೂರು ಷೇರೂ ಹಂಗೇ ಅದಾವ" ಅಂದಳು.

ದುಂಡವ್ವ ಬಾಯಿ ತೆರೆಯುವ ಮೊದಲೇ ಒಲೆಯ ಮುಂದಿದ್ದ ಮಾಬೂಬಿ ನಕ್ಕುಬಿಟ್ಟಳು. "ನಾನೂರ? ಮತ್ತ ನಮ್ಮ ಆಯ ಎಲ್ಲಿ ಹೋತ್ರೀ ಬಾಯಿ?"

ಪಟಪಟ ಸದ್ದು ನಿಂತಿತು.

ಕೆಲಸದವರಿಗೆ ವರ್ಷಕ್ಕೊಮ್ಮೆ ಕಾಳು ಅಳೆದು ಕೊಡುವ ಆಯ ಹಳೆಯ ಪದ್ಧತಿ. ದುಂಡವ್ವ ಅದನ್ನು ತನ್ನದೇ ರೀತಿಯಲ್ಲಿ ನಡೆಸಿಕೊಂಡು ಬಂದಿದ್ದಳು. ದೀಪಾವಳಿಯ ಪಾಡ್ಯದ ದಿನ ಸಗಣಿಯಲ್ಲಿ ಹಟ್ಟಿ ಲಕ್ಕವ್ವನನ್ನು ಮಾಡಿ ಕೂರಿಸಿ, ಆರತಿ ಎತ್ತಿ, ಒಬ್ಬೊಬ್ಬಳನ್ನೇ ಕರೆದು ಉಡಿ ತುಂಬಿ, ತನ್ನ ಷೇರಿನಲ್ಲಿ ಎರಡೆರಡನ್ನು ಅವಳ ಹೆಸರಿಗೆ ಬರೆಸುತ್ತಿದ್ದಳು. ನೆಲದ ಮೇಲೆ ಚಕ್ಕಳಮಕ್ಕಳ ಕೂತು ಚಿಗವ್ವನ ಫೋನಿನಲ್ಲಿ ಗುಂಡಿ ಒತ್ತಿ ಷೇರು ದಾಟಿಸುತ್ತಿದ್ದವಳು ಯಾರು? ಇದೇ ನೀಲಗಂಗಾ! ಹಬ್ಬದ ಕೆಲಸವೆಂದು ಅದನ್ನು ಯಾರೂ ಮೈಲಿಗೆಯ ಲೆಕ್ಕಕ್ಕೆ ಹಿಡಿದಿರಲಿಲ್ಲ, ಅವಳೂ ಹಿಡಿದಿರಲಿಲ್ಲ. ದುಂಡವ್ವನ ಖಾತೆಯಲ್ಲಿ ನಾನೂರು ಇರಲು ಸಾಧ್ಯವೇ ಇಲ್ಲ. ಗಲಗಲಿ ತೋರಿಸಿದ್ದು ಖಾತೆಯನ್ನಲ್ಲ. ದುಂಡವ್ವ ಇದುವರೆಗೆ ಕೊಂಡದ್ದನ್ನೆಲ್ಲ ಕೂಡಿಸಿ ಒಂದು ಚಿತ್ರ ಮಾಡಿದ್ದ. ಷೇರನ್ನು ಜೋಳದ ಹಾಗೆ ಹಂಚುವವರೂ ಇರುತ್ತಾರೆ ಎಂದು ಆ ಮಹಾನುಭಾವನಿಗೆ ಹೊಳೆದಿರಲಿಲ್ಲ. ನಿಜವಾದ ಖಾತೆ ತೋರಿಸುವ ಹಾಗಿದ್ದರೆ ಸುಳ್ಳು ಚಿತ್ರ ಯಾಕೆ ಬೇಕಿತ್ತು?

"ನೀಲಾ, ಯಾಕವ್ವಾ, ಮುಖ ಹಿಂಗ್ಯಾಕ ಮಾಡಿದಿ?" ದುಂಡವ್ವ ಹತ್ತಿರ ಬಂದಳು.

"ನಿನ್ನ ಷೇರು ಇಲ್ಲ, ಚಿಗವ್ವ. ತಮ್ಮ ಸಾಲಕ್ಕ ಎಲ್ಲ್ಯೋ ಅಡವು ಇಟ್ಟಾರ ಅಂತ ಕಾಣತೈತಿ."

"ನಂದು ಹೋಗ್ಲಿ. ಈ ಹುಡುಗ್ಯಾರವು?"

ಆ ಹೆಂಗಸರ ಖಾತೆಗಳನ್ನು ಅದೇ ಕಂಪನಿಯಲ್ಲಿ ತೆರೆಸಿಕೊಟ್ಟವಳೂ ನೀಲಗಂಗಾಳೇ. ಮಾಬೂಬಿ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ನೀಲಗಂಗಾಳ ಮುಖವನ್ನೇ ನೋಡುತ್ತಿದ್ದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮನೆಗೆ ಬರುವಾಗ ನೀಲಗಂಗಾಳಿಗೆ ಮೈಯೆಲ್ಲ ಉರಿಯುವ ಸಿಟ್ಟು. ಗಲಗಲಿಯ ಮೇಲೆ ಆಮೇಲೆ, ಮೊದಲು ತನ್ನ ಮೇಲೆಯೇ. ಪಾಡ್ಯದ ಗುಂಡಿ ಒತ್ತಿದ ಬೆರಳು ತನ್ನದು, ನಾನೂರನ್ನು ನೋಡಿದ ಕಣ್ಣು ತನ್ನದು, ಎರಡನ್ನೂ ಜೋಡಿಸಲು ತಲೆಗೆ ಬರಲಿಲ್ಲವಲ್ಲ! ಗೊತ್ತಿದ್ದದ್ದನ್ನು ಒಂದಕ್ಕೊಂದು ಜೋಡಿಸದೆ ಇರುವುದು, ಆರು ವರ್ಷದಲ್ಲಿ ಅವಳು ಕಲಿತ ವಿದ್ಯೆ ಅದೊಂದೇ ಆಗಿತ್ತು.

ಮಹಾಂತೇಶ ಎಲ್ಲ ಕೇಳಿ ಲೆಕ್ಕ ಹಾಕಿದ: "ಬುಧವಾರ ನೀ ಸುಳ್ಳು ಹೇಳಿದ್ರ ಕೆಂಪು ಹತ್ತತೈತಿ. ಬೆಳಗಾವಿ ಶಾಖೆಯಿಂದ ಇನ್ನೊಬ್ಬ ಮಡಿ ಅಧಿಕಾರಿನ ಕರಸ್ತಾರ. ಅವಂಗೇನೂ ಗೊತ್ತಿಲ್ಲ, ಹಸಿರು ಹತ್ತತೈತಿ. ನಿನ್ನ ನೌಕರಿ ಹೋಗೂದು ಅಷ್ಟ. ಚಿಗವ್ವಗೂ ಏನೂ ಬರಂಗಿಲ್ಲ."

"ಗೊತ್ತೈತಿ."

"ಹಂಗಾರ ನಾಳೆ ಇನ್ನೊಮ್ಮೆ ಆ ಕೋಣಿಗೆ ಹೋಗಿ ಬಾ. ಸುಮ್ನ ಬ್ಯಾಡ ಈ ಉಸಾಬರಿ."

"ಹೋದ್ರ ಮತ್ತ ನಂಬತೇನಿ, ಮಹಾಂತೇಶ. ಅದೇ ನನಗ ಹೆದರಿಕಿ. ಅಂವ ಇನ್ನೊಂದು ಚಹಾ ಕೊಟ್ಟು ಇನ್ನೊಂದು ಕತಿ ಹೇಳ್ತಾನ, ನಾ ಮತ್ತ ಹಸಿರು ಆಗತೇನಿ. ನನಗ ನನ್ನ ಸಿಟ್ಟು ಬೇಕು. ಬುಧವಾರದ ತನಕಾ ಯಾರೂ ನನಗ ಸಮಾಧಾನ ಹೇಳಬ್ಯಾಡ್ರಿ!"

ಮಹಾಂತೇಶ ರೈಲ್ವೆ ವರ್ಕ್‌ಶಾಪಿನವನು. ಅವನು ಅಂದ: "ನಮ್ಮಲ್ಲಿ ಗಾಲಿಗೆ ಸುತ್ತಿಗಿ ಬಡದು ನೋಡ್ತೇವಿ. ಸೀಳು ಬಿಟ್ಟಿದ್ರ ದನಿನೇ ಬ್ಯಾರೆ ಬರತೈತಿ. ಕೇಳಿದ ಮ್ಯಾಲೆ ಆ ಗಾಡಿ ಬಿಟ್ರ ತಪ್ಪು ಗಾಲಿದಲ್ಲ, ಬಡದು ನೋಡಿದಾಂವಂದು." ಎದ್ದು ಅವಳಿಗೆ ಊಟ ಬಡಿಸಿದ. "ಹೋಗಬ್ಯಾಡ ಹಂಗಾರ."

ಬುಧವಾರ ಮಧ್ಯಾಹ್ನ ವರದಿ ಕೋಣೆ. ನಾಲ್ಕೂ ಕಡೆ ದಪ್ಪ ಗಾಜು, ಒಳಗೆ ಒಂದು ಕುರ್ಚಿ, ಒಂದು ಮೈಕು, ಮಂಡಳಿಯ ಮೊಹರು ಹಾಕಿದ ಅಸಲಿ ಕೊರಳಪಟ್ಟಿ. ಸಂಪರ್ಕ ಸಿಕ್ಕ ಕೂಡಲೇ ಬಾಗಿಲು ತಾನೇ ಬೀಗ ಹಾಕಿಕೊಳ್ಳುತ್ತದೆ, ವರದಿ ಮುಗಿಯುವವರೆಗೆ ಯಾರೂ ಒಳಗೆ ಬರುವಂತಿಲ್ಲ. ಅಧಿಕಾರಿಯ ಮೇಲೆ ಯಾರೂ ಒತ್ತಡ ಹಾಕಬಾರದೆಂದು ಮಂಡಳಿ ಮಾಡಿದ ನಿಯಮ. ಇಲ್ಲಿಯತನಕ ಅದು ಯಾರ ಉಪಯೋಗಕ್ಕೂ ಬಂದಿರಲಿಲ್ಲ.

ಗಾಜಿನಾಚೆ ಧಣಿ ಸಿದ್ಧಲಿಂಗ ಅರವಟಗಿ ಕೈಕಟ್ಟಿ ನಿಂತಿದ್ದ, ಪಕ್ಕದಲ್ಲಿ ಗಲಗಲಿ. ಅವರಿಗೆ ಒಳಗಿನ ಮಾತು ಕೇಳಿಸುವುದಿಲ್ಲ, ದೀಪ ಮಾತ್ರ ಕಾಣುತ್ತದೆ. ಅವರಿಗೆ ಬೇಕಾದದ್ದೂ ಅಷ್ಟೇ.

ಯಂತ್ರದ ದನಿ ಕೇಳಿತು: "ನೀವು ಈಗ ಹೇಳಲಿರುವುದನ್ನು ನಂಬಿ ಹೇಳುತ್ತೀರಾ?"

"ನಂಬಿ ಹೇಳ್ತೇನಿ" ಅಂದಳು. ಹಸಿರು.

ಮೊದಲ ಕಲಮು ಕಂಪನಿಯ ಹೆಸರು, ವಿಳಾಸ, ಪರವಾನಗಿ. ಓದಿದಳು, ಹಸಿರು. ಎರಡನೆಯದು ನೌಕರರ ವಿವರ. ಹಸಿರು. ಮೂರನೆಯ ಕಲಮು ಅವಳ ಮುಂದಿತ್ತು: ಗಿರಾಕಿಗಳ ಎಲ್ಲ ಷೇರುಗಳೂ ಅವರವರ ಖಾತೆಯಲ್ಲೇ ಇವೆ, ಯಾವುದನ್ನೂ ಅಡವಿಟ್ಟಿಲ್ಲ. ನೌಕರಿ, ಮನೆ, ಊರವರ ಮಾತು, ಎಲ್ಲ ಒಂದು ಸಲ ಕಣ್ಣ ಮುಂದೆ ಬಂದು ಹೋದವು. ಆಮೇಲೆ ಮಾಬೂಬಿಯ ಮುಖ ಬಂತು, ಅದು ಹೋಗಲಿಲ್ಲ. ನೀಲಗಂಗಾ ಹಾಳೆಯನ್ನು ಬೋರಲು ಹಾಕಿದಳು.

"ಮೂರನೇ ಕಲಮು ನಾ ನಂಬೂದಿಲ್ಲ" ಅಂದಳು.

ಹಸಿರು. ಗಾಜಿನಾಚೆ ಗಲಗಲಿ ಹೆಬ್ಬೆರಳೆತ್ತಿ ಶಹಬ್ಬಾಸ್ ಅಂದ.

"ದುಂಡವ್ವ ಹೂಲಿಕಟ್ಟಿ ಅನ್ನೋ ಗಿರಾಕಿ ಮೂರು ಸಲ ಷೇರು ಮಾರಾಕ ಬಂದಾಳ, ಕಂಪನಿ ಮಾರಾಕ ಬಿಟ್ಟಿಲ್ಲ. ಅಕಿ ಖಾತೆ ಅಂತ ನನಗ ತೋರಿಸಿದ್ದು ಸುಳ್ಳು. ಅದರಾಗಿನ ಕೆಲವು ಷೇರು ಅಕಿ ಮಾತಿನಂಗ ಬ್ಯಾರೆಯವರ ಹೆಸರಿಗೆ ದಾಟಿಸಿದಾಕಿ ನಾನೇ, ಈ ಕೈಲೆ. ಆದ್ರೂ ಒಂದೂ ಕಡಿಮಿ ತೋರಿಸಿಲ್ಲ." ಹಸಿರು. "ಷೇರು ಎಲ್ಲಿ ಅದಾವ ನನಗ ಗೊತ್ತಿಲ್ಲ. ಗಿರಾಕಿಗಳ ಹತ್ರ ಇಲ್ಲ ಅಂತ ನಂಬೇನಿ." ಹಸಿರು. ಅರವಟಗಿಯ ಮುಖ ಅರಳಿತು. ಅವನು ಹಿಂದೆ ತಿರುಗಿ ಪೇಢೆಯ ಡಬ್ಬಿ ತರಲು ಸನ್ನೆ ಮಾಡಿದ. ಅವನನ್ನು ನೋಡುತ್ತಲೇ ನೀಲಗಂಗಾಳ ದನಿ ಏರಿತು.

"ಇನ್ನೊಂದು ಐತಿ, ಕೇಳ್ರಿ. ಈ ಆಫೀಸಿನ್ಯಾಗ ನನಗ ಏನೂ ಗೊತ್ತಾಗಬಾರ್ದು ಅಂತ ಕೊರಳಿಗೆ ಗಂಟಿ ಕಟ್ಟ್ಯಾರ. ಆರು ವರ್ಷ ನಾ ಕೊಟ್ಟ ವರದಿ ಎಲ್ಲಾ ನಂಬಿ ಕೊಟ್ಟದ್ದು, ತಿಳದು ಕೊಟ್ಟದ್ದಲ್ಲ. ನೀವು ನಂಬಿಕಿ ಅಳದ್ರಿ, ಇವರು ನಮಗ ನಂಬಿಕಿ ಕುಡಿಸಿದ್ರು. ನಿಮ್ಮ ಯಂತ್ರ ಅವರ ಗಾಣಕ್ಕ ಎಣ್ಣಿ ಹಾಕಿತು. ಊರ ತುಂಬ ನನ್ನಂಥವರು ಅದಾರ. ಅವರನ್ನೂ ಕೇಳ್ರಿ, ಏನು ನಂಬೀರಿ ಅಂತಲ್ಲ, ಹೆಂಗ ತಿಳೀತು ಅಂತ ಕೇಳ್ರಿ. ಇದು ನನ್ನ ವರದಿ. ಮುಗೀತು."

ಹಸಿರು ದೀಪ ಒಮ್ಮೆಯೂ ಮಿನುಗಲಿಲ್ಲ. ಯಂತ್ರ ಹೇಳಿತು: "ವರದಿ ಸ್ವೀಕರಿಸಲಾಗಿದೆ. ಸಂಸ್ಥೆಯ ಎಲ್ಲ ವಹಿವಾಟಿಗೆ ತಡೆ ಹಾಕಲಾಗಿದೆ. ಗಿರಾಕಿಗಳ ಷೇರು ಎಲ್ಲಿಯೇ ಇದ್ದರೂ ತನಿಖೆ ಮುಗಿಯುವವರೆಗೆ ಯಾರೂ ಮಾರುವಂತಿಲ್ಲ."

ಸ್ವೀಕೃತ ವರದಿಯ ಪ್ರತಿ ಕಂಪನಿಗೂ ಪ್ರತಿಯೊಬ್ಬ ಗಿರಾಕಿಗೂ ಕೂಡಲೇ ಹೋಗಬೇಕೆಂಬುದು ಮಂಡಳಿಯ ಇನ್ನೊಂದು ನಿಯಮ. ಗಲಗಲಿಯ ಬಾಯಲ್ಲಿ ಪೇಢೆ ಇತ್ತು, ಫೋನು ಗುಂಯ್‌ಗುಟ್ಟಿತು. ಅವನು ಓದಿದ, ಅಗಿಯುವುದು ನಿಂತಿತು. ಆಮೇಲೆ ಧಣಿಯ ಫೋನು. ಆಮೇಲೆ ಆಫೀಸಿನ ಮೇಜುಗಳ ಮೇಲಿನ ಫೋನುಗಳೆಲ್ಲ ಒಂದಾದ ಮೇಲೊಂದು ಶುರುವಾದವು, ಎತ್ತುವವರು ದಿಕ್ಕುಗಾಣದೆ ಒಬ್ಬರ ಮುಖ ಒಬ್ಬರು ನೋಡಿದರು.

ಬೀಗ ತೆರೆಯಿತು. ಅರವಟಗಿ ಗಾಜಿನ ಬಾಗಿಲಲ್ಲೇ ಅಡ್ಡ ನಿಂತ. ಕಿವಿಯವರೆಗೆ ಕೆಂಪಾಗಿದ್ದ. "ಉಂಡ ಮನಿಗೆ ಎರಡು ಬಗದಿ! ನಿನ್ನ ಈ ಊರಾಗ ಇನ್ನ ಯಾವ ಕಂಪನಿ ಇಟ್ಗೋತೈತಿ? ಆ? ನಿನಗ ಎಲ್ಲಾ ಗೊತ್ತಾಗಿ ಹೋಗೇತಿ!"

"ಹೌದ್ರೀ ಧಣೇರ, ಗೊತ್ತಾಗೇತಿ." ಇಷ್ಟು ಹೇಳುವಾಗ ಅವಳಿಗೆ ಎಷ್ಟೋ ವರ್ಷಗಳ ಮೇಲೆ ಬಾಯ್ತುಂಬ ನಗು ಬಂತು.

ಅವಳ ಫೋನೂ ಗುಂಯ್‌ಗುಟ್ಟಿತು, ದುಂಡವ್ವ. "ನೀಲಾ, ಮಾಬೂಬಿ ಓದಿ ಹೇಳಿದಳು. ಯಾರೂ ಮಾರಂಗಿಲ್ಲ ಅಂತ ಬರದಾರ. ಆ ಜಾಗದ ಮಾಲೀಕಗೂ ಇದನ್ನ ತೋರಿಸಿ, ತನಿಖಿ ಮುಗಿಯೂತನಾ ತಡಿಯಪ್ಪ ಅಂತೇನಿ. ತಡೀಲಿಲ್ಲಂದ್ರ ಎಂಟೂ ಮಂದಿ ಅವನ ಕಟ್ಟಿ ಮ್ಯಾಲೆ ಕುಂತು ರೊಟ್ಟಿ ಬಡಿತೇವಿ. ನೀ ಉಂಡಿ ಇಲ್ಲೋ? ಬಾ ಇಲ್ಲೆ." ಉತ್ತರಕ್ಕೂ ಕಾಯದೆ ಫೋನಿಟ್ಟಳು.

ನೀಲಗಂಗಾ ಕೊರಳಿನ ದಾರ ತೆಗೆದಳು. ಗುರುತಿನ ಚೀಟಿ ಬಿಚ್ಚಿ ಗಲಗಲಿಯ ಕೈಗಿಟ್ಟಳು. ಗಂಟೆಯನ್ನು ಕೊಡಲಿಲ್ಲ. ಅದನ್ನು ತೆಗೆದುಕೊಂಡು ಆಫೀಸಿನ ನಡುವೆ ನಡೆದು ಹೋಗಿ ಧಣಿಯ ಕೋಣೆಯ ಬಾಗಿಲ ಹಿಡಿಕೆಗೆ ಗಟ್ಟಿಯಾಗಿ, ಎರಡು ಗಂಟು ಹಾಕಿ ಕಟ್ಟಿದಳು.

"ಇಷ್ಟು ದಿನ ನಾ ಬರೂದು ನಿಮಗ ಗೊತ್ತಾಗಲಿ ಅಂತ ಕಟ್ಟಿದ್ರಿ. ಇನ್ನ ಮ್ಯಾಲೆ ನೀವು ಬರೂದು ಇವರಿಗೆ ಗೊತ್ತಾಗಲಿ."

ಹೇಳಿ ಮೆಟ್ಟಿಲಿಳಿದಳು. ಅರವಟಗಿ ದಡದಡ ಬಂದು ತನ್ನ ಕೋಣೆಗೆ ನುಗ್ಗಿ ಬಾಗಿಲು ಹಾಕಿಕೊಂಡ. ಗಂಟೆ ಜೋರಾಗಿ ಬಡಿದುಕೊಂಡಿತು. ಆಫೀಸಿನಲ್ಲಿ ಯಾರೂ ಮಾತು ನಿಲ್ಲಿಸಲಿಲ್ಲ.